ಬಿಸಿಲಿಗೆ ಬಂದ ಕಣ್ಣು ಸುಧಾರಿಸಿಕೊಳ್ಳುವುದು ಹೇಗೆ?

ವಿಜಯಪುರದ ಏಪ್ರಿಲ್ ಮಧ್ಯಾಹ್ನ. ಗೋಳಗುಮ್ಮಟದೊಳಗಿನ ಮಬ್ಬಿನಿಂದ ಹೊರಗೆ ಕಾಲಿಟ್ಟರೆ ಬಿಸಿಲು ಕಣ್ಣು ಕುಕ್ಕುತ್ತದೆ. ಕೈ ಅಡ್ಡ ಹಿಡಿಯುತ್ತೇವೆ. ಸ್ವಲ್ಪ ಹೊತ್ತು, ಅಷ್ಟೇ. ಆಮೇಲೆ ಎದುರಿನ ಮ್ಯೂಸಿಯಂ, ಹುಲ್ಲುಹಾಸು ಎಲ್ಲ ಸರಿಯಾಗಿ ಕಾಣುತ್ತವೆ. ಕಣ್ಣಿನ ಪಾಪೆ ಕಿರಿದಾಗುತ್ತದೆ, ನಿಜ. ಆದರೆ ಅಷ್ಟರಿಂದಲೇ ಆಗುವ ಕೆಲಸ ಇದಲ್ಲ.

ರೆಟಿನಾದ ಜೀವಕೋಶಕ್ಕೆ ಬೆಳಕು ತಾಗಿದಾಗ ಅಲ್ಲಿ ಬೆಳಕನ್ನು ಗ್ರಹಿಸುವ ಗ್ರಾಹಕ ಪ್ರೋಟೀನೊಂದು, ಕೋಶದೊಳಗೆ ಸುದ್ದಿ ಸಾಗಿಸುವ ಜಿ ಪ್ರೋಟೀನನ್ನು ಎಬ್ಬಿಸುತ್ತದೆ. ಜಿ ಪ್ರೋಟೀನ್ ತನ್ನಲ್ಲಿದ್ದ ಜಿಡಿಪಿ ಎಂಬ ಪುಟ್ಟ ಅಣುವನ್ನು ಬಿಟ್ಟು ಜಿಟಿಪಿಯನ್ನು ಹಿಡಿದುಕೊಳ್ಳುತ್ತದೆ. ಜಿಟಿಪಿ ಇರುವಷ್ಟು ಹೊತ್ತು ‘ಬೆಳಕು ಬಂತು’ ಎಂಬ ಸುದ್ದಿ ಹೋಗುತ್ತಲೇ ಇರುತ್ತದೆ. ಜಿ ಪ್ರೋಟೀನುಗಳನ್ನು ಕಂಡುಹಿಡಿದ ಆಲ್ಫ್ರೆಡ್ ಗಿಲ್ಮನ್ ಮತ್ತು ಮಾರ್ಟಿನ್ ರಾಡ್‌ಬೆಲ್ ಅವರಿಗೆ 1994ರಲ್ಲಿ ನೊಬೆಲ್ ಬಂತು.

ಸುದ್ದಿ ನಿಲ್ಲಬೇಕಾದರೆ? ಜಿ ಪ್ರೋಟೀನೇ ಜಿಟಿಪಿಯನ್ನು ಕತ್ತರಿಸಿ ಜಿಡಿಪಿ ಮಾಡಿಕೊಳ್ಳಬೇಕು. ಆದರೆ ಈ ಕೆಲಸದಲ್ಲಿ ಅದು ಮಹಾ ಸೋಮಾರಿ. ಅದರ ಪಾಡಿಗೆ ಬಿಟ್ಟರೆ ಹತ್ತಾರು ಸೆಕೆಂಡು ಹಿಡಿಯುತ್ತದೆ. ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಮೊದಲ ಮಾತು ಇನ್ನೂ ಮೊಳಗುತ್ತಿರುವಾಗಲೇ ಎರಡನೆಯದು ಬಂದು ಕಲಸಿಹೋಗುತ್ತದಲ್ವಾ, ಕಣ್ಣಲ್ಲೂ ಹಾಗೇ ಆಗಬೇಕಿತ್ತು.

ಆಗುವುದಿಲ್ಲ, ಯಾಕೆಂದರೆ ಆರ್‌ಜಿಎಸ್ ಎಂಬ ನಿಯಂತ್ರಕ ಪ್ರೋಟೀನುಗಳಿವೆ. ನಮ್ಮ ದೇಹದಲ್ಲಿ ಸುಮಾರು 20 ಬಗೆ. ಕಣ್ಣಿನದು ಆರ್‌ಜಿಎಸ್9. ಇದು ತಾನೇ ಏನನ್ನೂ ಕತ್ತರಿಸುವುದಿಲ್ಲ. ಜಿ ಪ್ರೋಟೀನಿನ ಅಲುಗಾಡುವ ಭಾಗಗಳನ್ನು ಕತ್ತರಿಸಲು ತಕ್ಕ ಭಂಗಿಯಲ್ಲಿ ಅದುಮಿ ಹಿಡಿಯುತ್ತದೆ. ಆಗ ಅದೇ ಸೋಮಾರಿ ಒಂದು ಸೆಕೆಂಡಿನೊಳಗೆ ಕೆಲಸ ಮುಗಿಸುತ್ತದೆ.

ಇನ್ನೊಂದು ಜಾಣತನವಿದೆ, ನನಗೆ ಜಾಸ್ತಿ ಹಿಡಿಸಿದ್ದು ಇದೇ. ಎದ್ದ ತಕ್ಷಣವೇ ಜಿ ಪ್ರೋಟೀನನ್ನು ಹಿಡಿದು ಕೂರಿಸಿಬಿಟ್ಟರೆ ಸುದ್ದಿ ತಲುಪುವುದೇ ಇಲ್ಲ. ಅದಕ್ಕೇ ಆರ್‌ಜಿಎಸ್9 ಒಂಟಿ ಜಿ ಪ್ರೋಟೀನಿನ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಜಿ ಪ್ರೋಟೀನು ಸುದ್ದಿ ಪಡೆಯಬೇಕಾದ ಮುಂದಿನ ಕಿಣ್ವಕ್ಕೆ ಅಂಟಿಕೊಂಡ ಮೇಲೆ, ಅಂದರೆ ಸುದ್ದಿ ಮುಟ್ಟಿಸಿದ ಮೇಲೆ, ಗಟ್ಟಿಯಾಗಿ ಹಿಡಿಯುತ್ತದೆ. ಹಗಲು ನೋಟಕ್ಕೆ ಬೇಕಾದ ಕೋನ್ ಕೋಶಗಳಲ್ಲಂತೂ ಆರ್‌ಜಿಎಸ್9 ಇರುಳು ನೋಟದ ರಾಡ್ ಕೋಶಗಳಿಗಿಂತ ತುಂಬಾ ಜಾಸ್ತಿ.

ಇದು ಕೆಟ್ಟರೆ ಏನಾಗುತ್ತದೆ ಎಂಬುದು 2004ರಲ್ಲಿ ಗೊತ್ತಾಯಿತು. ಬ್ರಾಡಿಆಪ್ಸಿಯ ಎಂಬ ಅಪರೂಪದ ತೊಂದರೆ ಇರುವವರು ಕತ್ತಲಿಂದ ಬಿಸಿಲಿಗೆ ಬಂದರೆ ಕಣ್ಣು ಹೊಂದಿಕೊಳ್ಳಲು ಬಹಳ ಹೊತ್ತು ಬೇಕು. ಆಟದಲ್ಲಿ ಓಡುವ ಚೆಂಡನ್ನು ಕಣ್ಣಲ್ಲಿ ಹಿಡಿಯುವುದೂ ಅವರಿಗೆ ಕಷ್ಟ. ಕೆಲವರಲ್ಲಿ ಆರ್‌ಜಿಎಸ್9ರ ಜೀನೇ ಕೆಟ್ಟಿತ್ತು. ಇನ್ನು ಕೆಲವರಲ್ಲಿ ಆ ಜೀನ್ ನೆಟ್ಟಗೇ ಇತ್ತು. ಕೆಟ್ಟಿದ್ದು ಆರ್‌ಜಿಎಸ್9 ಅನ್ನು ಕೋಶದ ಪೊರೆಗೆ ಕಟ್ಟಿಹಾಕುವ ಇನ್ನೊಂದು ಪ್ರೋಟೀನಿನ ಜೀನ್.