ಜಿಮ್ ಜಾಹೀರಾತಿನಲ್ಲಿ ಮಹಿಳೆ: ಕೊರತೆ ಇರುವುದು ಆಸೆಯದ್ದಲ್ಲ

ಬ್ರಿಟನ್ನಿನಲ್ಲಿ ಮಾರ್ಕೆಟಿಂಗ್ ಓದುವ ಅನೇಕರು ಎರಡನೇ ವರ್ಷ ಮುಗಿಸಿ, ಸುಮಾರು ಒಂದು ವರ್ಷ ಯಾವುದಾದರೂ ಕಂಪನಿಯಲ್ಲಿ ದುಡಿದು, ಆಮೇಲೆ ಕೊನೆಯ ವರ್ಷದ ಓದಿಗೆ ಮರಳುತ್ತಾರೆ. ಇದೇ ಪ್ಲೇಸ್‌ಮೆಂಟ್ ವರ್ಷ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಆ ವರ್ಷಕ್ಕೆ ಪೂರ್ಣ ಶುಲ್ಕದ ಶೇ 20ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆದರೆ ಪದವಿಯ ಕಡ್ಡಾಯ ಭಾಗವಾಗಿ ಒಂದು ವರ್ಷದೊಳಗಿನ ಕೆಲಸ ಮಾಡುವವರಿಗೆ ಅಲ್ಲಿನ ಕನಿಷ್ಠ ವೇತನ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಸಂಬಳ ಎಷ್ಟೆಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆಯುವುದು ಜಾಣತನ.

ಬೇಸಿಗೆಯ ಕೊನೆಗೆ ಜಿಮ್ ಕಂಪನಿಯೊಂದನ್ನು ಸೇರಿದ ವಿದ್ಯಾರ್ಥಿಗೆ ಕಲಿಯಲು ಸಿಗುವ ಸಮಯ ಕಡಿಮೆ. ಜನವರಿ ಈ ಉದ್ಯಮದ ಸುಗ್ಗಿ. ಅದರ ಚಿತ್ರ, ಬರಹ, ಬಜೆಟ್ಟುಗಳೆಲ್ಲ ಅಕ್ಟೋಬರ್–ನವೆಂಬರಿನಲ್ಲೇ ತಯಾರಾಗಬೇಕು. ‘ಮಹಿಳಾ ಸದಸ್ಯರ ಸಂಖ್ಯೆ ಹೆಚ್ಚಿಸಿ’ ಎಂಬ ಕೆಲಸ ಕೈಗೆ ಬಂದಾಗ ತಲೆಗೆ ಮೊದಲು ಹೊಳೆಯುವುದು ಗುಲಾಬಿ ಬಣ್ಣ, ಚಪ್ಪಟೆ ಹೊಟ್ಟೆಯ ರೂಪದರ್ಶಿ ಮತ್ತು ರಿಯಾಯಿತಿ ದರ. ಮೂರೂ ತಪ್ಪು ಗುರಿಗೆ ಹೊಡೆಯುವ ಬಾಣಗಳು.

ಏಕೆಂದರೆ ವ್ಯಾಯಾಮ ಮಾಡಬೇಕೆಂಬ ಆಸೆ ಮಹಿಳೆಯರಲ್ಲಿ ಮೊದಲೇ ಇದೆ. ಇಂಗ್ಲೆಂಡಿನ ಸರ್ಕಾರಿ ಕ್ರೀಡಾ ಸಂಸ್ಥೆ ಸ್ಪೋರ್ಟ್ ಇಂಗ್ಲೆಂಡ್ 2015ರ ಜನವರಿಯಲ್ಲಿ ‘ದಿಸ್ ಗರ್ಲ್ ಕ್ಯಾನ್’ ಅಭಿಯಾನ ಆರಂಭಿಸುವ ಮೊದಲು ಇದನ್ನು ಕೆದಕಿ ನೋಡಿತ್ತು. 14ರಿಂದ 40 ವರ್ಷದವರಲ್ಲಿ ನಿಯಮಿತವಾಗಿ ವ್ಯಾಯಾಮ ಮಾಡುವ ಮಹಿಳೆಯರು ಪುರುಷರಿಗಿಂತ ಸುಮಾರು 20 ಲಕ್ಷ ಕಡಿಮೆ ಇದ್ದರು. ಆದರೂ ಶೇ 75ರಷ್ಟು ಮಹಿಳೆಯರು ಇನ್ನಷ್ಟು ಚಟುವಟಿಕೆಯಿಂದ ಇರಬೇಕು ಎಂದೇ ಹೇಳಿದ್ದರು. ಅವರನ್ನು ತಡೆಯುತ್ತಿದ್ದದ್ದು ನೋಡುವವರು ಏನಂದುಕೊಳ್ಳುತ್ತಾರೋ ಎಂಬ ಅಳುಕು. ಅದಕ್ಕೆ ಮೂರು ಮುಖಗಳಿದ್ದವು: ನಾನು ಹೇಗೆ ಕಾಣುತ್ತೇನೆ, ನನಗಿದು ಬರುತ್ತದೆಯೇ, ಮನೆ–ಮಕ್ಕಳನ್ನು ಬಿಟ್ಟು ನನಗಾಗಿ ಸಮಯ ತೆಗೆಯುವುದು ಸರಿಯೇ.

ಚಪ್ಪಟೆ ಹೊಟ್ಟೆಯ ಚಿತ್ರ ಮೊದಲ ಅಳುಕನ್ನು ಹೆಚ್ಚಿಸುತ್ತದೆ, ಉಳಿದೆರಡನ್ನು ಮುಟ್ಟುವುದೇ ಇಲ್ಲ. ‘ದಿಸ್ ಗರ್ಲ್ ಕ್ಯಾನ್’ ಚಿತ್ರದಲ್ಲಿ ರೂಪದರ್ಶಿಗಳ ಬದಲು ಸಾಮಾನ್ಯ ಮಹಿಳೆಯರು ಬೆವರಿದರು, ಏದುಸಿರು ಬಿಟ್ಟರು, ಅವರ ಮೈ ಕುಲುಕಾಡಿತು. ಅದನ್ನು ನೋಡಿ ವ್ಯಾಯಾಮ ಶುರು ಮಾಡಿದೆವು ಅಥವಾ ಹೆಚ್ಚಿಸಿದೆವು ಎಂದವರು 28 ಲಕ್ಷ ಮಂದಿ. ಇದು ಜನ ಹೇಳಿಕೊಂಡ ಲೆಕ್ಕವೇ ಹೊರತು ಯಾರೂ ಅಳೆದದ್ದಲ್ಲ ಎಂಬುದನ್ನು ಮಾರ್ಕೆಟಿಂಗ್ ವಿದ್ಯಾರ್ಥಿ ಮರೆಯಬಾರದು.

ಅದೇ ವರ್ಷ ಲಂಡನ್ನಿನ ಮೆಟ್ರೊ ನಿಲ್ದಾಣಗಳಲ್ಲಿ ಪ್ರೋಟೀನ್ ವರ್ಲ್ಡ್ ಕಂಪನಿಯ ಹಳದಿ ಪೋಸ್ಟರ್ ಕಾಣಿಸಿಕೊಂಡಿತು. ಅದರಲ್ಲಿ ಬಿಕಿನಿ ತೊಟ್ಟ ರೂಪದರ್ಶಿ, ಜೊತೆಗೆ ‘ನಿಮ್ಮ ಮೈ ಬೀಚಿಗೆ ಸಿದ್ಧವೇ?’ ಎಂಬ ಪ್ರಶ್ನೆ. ಜಾಹೀರಾತು ನಿಯಂತ್ರಕ ಎಎಸ್‌ಎಗೆ 378 ದೂರುಗಳು ಬಂದವು. ಅದು ಅಸಭ್ಯವಲ್ಲ, ಬೇಜವಾಬ್ದಾರಿಯದ್ದೂ ಅಲ್ಲ ಎಂದು ಎಎಸ್‌ಎ ತೀರ್ಪಿತ್ತಿತು. ತೂಕ ಇಳಿಯುತ್ತದೆ ಎಂದು ಅದು ಹೇಳಿಕೊಂಡ ಮಾತುಗಳ ಕಾರಣಕ್ಕೆ ಮಾತ್ರ ಅದೇ ರೂಪದಲ್ಲಿ ಮತ್ತೆ ಬರಬಾರದೆಂದಿತು. ದೇಹವನ್ನು ಹೀಗಳೆಯುವ ಜಾಹೀರಾತುಗಳಿಗೆ ನಗರ ಸಾರಿಗೆಯಲ್ಲಿ ಜಾಗವಿಲ್ಲ ಎಂದು ಮೇಯರ್ ಸಾದಿಕ್ ಖಾನ್ ಘೋಷಿಸಿದ್ದು 2016ರಲ್ಲಿ. 2019ರ ಜೂನ್ 14ರಿಂದ, ಹೆಣ್ಣು ಹೀಗೇ, ಗಂಡು ಹೀಗೇ ಎಂದು ಬಿಂಬಿಸಿ ಹಾನಿ ಮಾಡಬಹುದಾದ ಲಿಂಗ ಪಡಿಯಚ್ಚುಗಳಿಗೂ ಬ್ರಿಟಿಷ್ ಜಾಹೀರಾತು ಸಂಹಿತೆಯಲ್ಲಿ ನಿಷೇಧವಿದೆ.

ತೂಕ ಇಳಿಕೆಯ ಜಾಹೀರಾತುಗಳ ಕುರಿತ ಈ ಸಂಹಿತೆಯ 13ನೇ ಭಾಗವನ್ನು ಜಿಮ್ ಸೇರಿದ ಮೊದಲ ವಾರವೇ ಓದಬೇಕು. ‘ಇಷ್ಟು ದಿನದಲ್ಲಿ ಇಷ್ಟು ಕೆಜಿ ಇಳಿಸಿ’ ಎಂದು ಭರವಸೆ ಕೊಡುವಂತಿಲ್ಲ. ಸೊಂಟ, ತೊಡೆ ಎಂದು ನಿರ್ದಿಷ್ಟ ಭಾಗದ ಕೊಬ್ಬು ಕರಗಿಸುವ ಮಾತನ್ನೂ ಆಡುವಂತಿಲ್ಲ. ‘28 ದಿನಗಳಲ್ಲಿ ಹೊಟ್ಟೆ ಮಾಯ’ ಎಂಬ ನಾಲ್ಕು ಪದಗಳ ಸಾಲು ಎರಡನೆಯ ನಿಯಮವನ್ನು ನೇರವಾಗಿ ಮುರಿಯುತ್ತದೆ! ಸದಸ್ಯೆಯೊಬ್ಬರ ನಿಜವಾದ ‘ಮೊದಲು–ನಂತರ’ ಕಥೆ ಹೇಳುವಾಗಲೂ ಎಷ್ಟು ಅವಧಿ ಹಿಡಿಯಿತೆಂದು ತಿಳಿಸಬೇಕು. ವಾರಕ್ಕೆ ಸುಮಾರು ಒಂದು ಕೆಜಿಗಿಂತ ವೇಗದ ಇಳಿಕೆ ಸಾಮಾನ್ಯವಾಗಿ ಒಪ್ಪಿತವಲ್ಲ.

ನಿಯಮದ ಹಿಂದೆ ಶರೀರವಿಜ್ಞಾನವಿದೆ. ಹೊಟ್ಟೆಯ ಸ್ನಾಯು ದುಡಿದರೆ ಅದು ಪಕ್ಕದ ಕೊಬ್ಬನ್ನಷ್ಟೇ ಉರಿಸುವುದಿಲ್ಲ. ಕೊಬ್ಬಿನಾಮ್ಲಗಳು ಮೈಯ ಎಲ್ಲೆಡೆಯಿಂದ ರಕ್ತಕ್ಕಿಳಿದು ಬರುತ್ತವೆ. ಯಾವ ಜಾಗ ಮೊದಲು ತೆಳುವಾಗುತ್ತದೆ ಎಂಬುದು ಹಾರ್ಮೋನು ಮತ್ತು ವಂಶವಾಹಿಗಳಿಗೆ ಬಿಟ್ಟದ್ದು. ಮಹಿಳೆಯರಿಗೆಂದೇ ಮೀಸಲಾದ ‘ಟೋನಿಂಗ್’ (ಮೈ ಬಿಗಿಯಾಗಿಸುವುದು) ಎಂಬ ಬೇರೆ ಪ್ರಕ್ರಿಯೆಯೂ ದೇಹದಲ್ಲಿಲ್ಲ. ಸ್ನಾಯು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಅದರ ಮೇಲಿನ ಕೊಬ್ಬಿನ ಪದರ ದಪ್ಪವಾಗುತ್ತದೆ ಅಥವಾ ತೆಳುವಾಗುತ್ತದೆ, ಅಷ್ಟೇ. ಭಾರ ಎತ್ತಿದರೆ ಗಂಡಸರಂತೆ ಉಬ್ಬುತ್ತೇವೆ ಎಂಬ ಭಯಕ್ಕೂ ಆಧಾರ ಕಡಿಮೆ. ಮಹಿಳೆಯರ ಟೆಸ್ಟೊಸ್ಟೆರಾನ್ ಮಟ್ಟ ಪುರುಷರದ್ದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಆರಂಭದ ಬಲಕ್ಕೆ ಹೋಲಿಸಿದಾಗ ಶೇಕಡಾವಾರು ಹೆಚ್ಚಳ ಇಬ್ಬರಲ್ಲೂ ಹೆಚ್ಚುಕಡಿಮೆ ಸಮ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕು ಎನ್ನುವ ವಿಶ್ವ ಆರೋಗ್ಯ ಸಂಸ್ಥೆ ಗಂಡು–ಹೆಣ್ಣು ಎಂದು ಬೇರೆ ಮಾಡಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ವೇಗವಾಗಿ ಸವೆಯುವುದರಿಂದ ಮಹಿಳೆಗೇ ಇದರ ಅಗತ್ಯ ಹೆಚ್ಚು. ಜಾಹೀರಾತಿಗೆ ಇಷ್ಟು ಗಟ್ಟಿ ವಿಷಯ ಕೈಯಲ್ಲಿದ್ದೂ ಅನೇಕ ಜಿಮ್‌ಗಳು ಸೊಂಟದ ಸುತ್ತಳತೆಗೇ ಅಂಟಿಕೊಳ್ಳುವುದು ಬರೀ ಸೋಮಾರಿತನ.

ಇನ್ನು ‘ನನಗಿದು ಬರುತ್ತದೆಯೇ’ ಎಂಬ ಅಳುಕು. ಇದನ್ನು ಪೋಸ್ಟರ್ ಒಂದೇ ನೀಗಿಸಲಾರದು, ಸಲಕರಣೆಯೂ ಮಾತಾಡಬೇಕು. ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಬಳಸುವ, ಎರಡೂ ತುದಿಗೆ ತೂಕ ಹಾಕಿ ಎತ್ತುವ ಪುರುಷರ ಬಾರ್ಬೆಲ್ ಸಲಾಕೆ 20 ಕೆಜಿ ತೂಕ, 28 ಮಿಲಿಮೀಟರ್ ದಪ್ಪ. ಮಹಿಳೆಯರದ್ದು 15 ಕೆಜಿ, 25 ಮಿಲಿಮೀಟರ್. ಚಿಕ್ಕ ಅಂಗೈಗೆ ಆ 3 ಮಿಲಿಮೀಟರ್ ದೊಡ್ಡದು. 20 ಕೆಜಿಯ ಸಲಾಕೆಗಳಷ್ಟೇ ಇರುವ ಜಿಮ್, ಹೊಸಬಳಿಗೆ ಖಾಲಿ ಸಲಾಕೆಯಲ್ಲೇ ಸೋಲುವ ಅವಕಾಶ ಕೊಡುತ್ತದೆ. ಡಂಬೆಲ್‌ಗಳದ್ದೂ ಇದೇ ಲೆಕ್ಕ. ಎರಡೆರಡು ಕೆಜಿ ಅಂತರದ ಸಾಲಿನಲ್ಲಿ 30ರಿಂದ 32ಕ್ಕೆ ಹೋಗುವವನಿಗೆ ಹೆಚ್ಚಳ ಶೇ 7ಕ್ಕೂ ಕಡಿಮೆ, 8ರಿಂದ 10ಕ್ಕೆ ಹೋಗುವವಳಿಗೆ ಶೇ 25. ಹತ್ತು ಕೆಜಿವರೆಗೆ ಒಂದೊಂದು ಕೆಜಿ ಅಂತರವಿದ್ದರೆ ಆಕೆ ನಡುವೆ ಸಿಕ್ಕಿಬೀಳುವುದಿಲ್ಲ. ಹಾಗೆಂದು ‘ಮಹಿಳಾ ವಿಭಾಗ’ ತೆರೆದು ಅಲ್ಲಿ ಹತ್ತು ಕೆಜಿಗೇ ಸಾಲು ನಿಲ್ಲಿಸಿದರೆ, ನಿಮ್ಮ ಮಿತಿ ಇಷ್ಟೇ ಎಂದು ಹೇಳಿದಂತೆ.

1992ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆರಂಭವಾದ ಕರ್ವ್ಸ್ ಎಂಬ ಮಹಿಳಾ ಜಿಮ್ ಸರಣಿ ಈ ಅಳುಕನ್ನು ವಿನ್ಯಾಸದಲ್ಲೇ ಎದುರಿಸಿತು. 30 ನಿಮಿಷದ ಸುತ್ತು, ವೃತ್ತಾಕಾರದಲ್ಲಿ ಜೋಡಿಸಿದ ಯಂತ್ರಗಳು, ಕನ್ನಡಿಯಿಲ್ಲ. ಮೂಲ ಯಂತ್ರಗಳು ಹೈಡ್ರಾಲಿಕ್ (ದ್ರವದ ಒತ್ತಡದಿಂದ ತಡೆ ಒಡ್ಡುವಂಥವು) ಆದ್ದರಿಂದ ತೂಕ ಬದಲಿಸುವ ಗೋಜಿಲ್ಲ. ವೇಗವಾಗಿ ತಳ್ಳಿದಷ್ಟೂ ತಡೆ ಹೆಚ್ಚು. ಭಾರವನ್ನು ತಡೆದು ಇಳಿಸುವ ಹಂತವಿಲ್ಲದ ಕಾರಣ ಮರುದಿನದ ಮೈಕೈ ನೋವೂ ಕಡಿಮೆ. ಆದರೆ ಬಲ ಬೆಳೆದಂತೆ ಹಂತಹಂತವಾಗಿ ಭಾರ ಏರಿಸುವುದು ಅಲ್ಲಿ ಕಷ್ಟ.

ಪ್ಲೇಸ್‌ಮೆಂಟ್ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಎ–ಬಿ ಪರೀಕ್ಷೆಯಲ್ಲಿ, ಅಂದರೆ ಎರಡು ಆವೃತ್ತಿಗಳಲ್ಲಿ ಯಾವುದು ಮೇಲೆಂದು ಹೋಲಿಸುವುದರಲ್ಲಿ. ಎರಡು ಬಗೆಯ ಇಮೇಲ್ ತಲಾ 500 ಮಂದಿಗೆ ಹೋಗುತ್ತದೆ. ಒಂದರಿಂದ 20, ಇನ್ನೊಂದರಿಂದ 25 ಮಂದಿ ಉಚಿತ ಪ್ರವೇಶಕ್ಕೆ ಹೆಸರು ಕೊಡುತ್ತಾರೆ. ‘ಶೇ 25 ಗೆಲುವು’ ಎಂದು ವರದಿ ಸಿದ್ಧ! ಇದು ಆಕಸ್ಮಿಕವಾಗಿಯೂ ಸಲೀಸಾಗಿ ಬರುವ ವ್ಯತ್ಯಾಸ. ಶೇ 4 ಮತ್ತು ಶೇ 5ರ ನಡುವಿನ ಅಂತರವನ್ನು ನಂಬಿಕೆಯಿಂದ ಗುರುತಿಸಲು ಪ್ರತಿ ಗುಂಪಿಗೆ ಸುಮಾರು 6,700 ಮಂದಿ ಬೇಕು. ಒಂದೇ ಶಾಖೆಯ ಪಟ್ಟಿ ಅಷ್ಟು ಉದ್ದವಿರುವುದು ಅಪರೂಪ. ಹಾಗಾಗಿ ಇಮೇಲಿನಲ್ಲಿ ಒತ್ತುವ ಗುಂಡಿಯ ಬಣ್ಣದಂಥ ಸಣ್ಣ ಬದಲಾವಣೆ ಬಿಟ್ಟು, ದೊಡ್ಡ ಪರಿಣಾಮ ಬೀರಬಹುದಾದವನ್ನು ಪರೀಕ್ಷಿಸಬೇಕು: ದರವನ್ನು ಮುಚ್ಚಿಡದೆ ಹಾಕುವುದು, ಯಾವ ಹೊತ್ತಿಗೆ ಎಷ್ಟು ಜನಸಂದಣಿ ಎಂದು ತೋರಿಸುವುದು, ಮೊದಲ ಭೇಟಿಯಲ್ಲಿ ಯಾರು ಎದುರುಗೊಳ್ಳುತ್ತಾರೆ, ಎಲ್ಲಿ ಬಟ್ಟೆ ಬದಲಿಸಬೇಕು ಎಂಬುದನ್ನು ಒಂದು ನಿಮಿಷದ ವಿಡಿಯೊದಲ್ಲಿ ಹೇಳುವುದು.

ಸೇರಿದವರ ಸಂಖ್ಯೆಯೊಂದನ್ನೇ ಯಶಸ್ಸೆಂದು ಎಣಿಸುವುದು ಇನ್ನೊಂದು ಬಲೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಮೂರು ಜಿಮ್‌ಗಳ 7,752 ಸದಸ್ಯರ ಹಾಜರಿ ನೋಡಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕೊಡುತ್ತಿದ್ದವರು ಸರಾಸರಿ 4.3 ಬಾರಿ ಮಾತ್ರ ಬರುತ್ತಿದ್ದರು. ಅಂದರೆ ಭೇಟಿಗೆ 17 ಡಾಲರಿಗೂ ಮೇಲೆ. ಹತ್ತು ಭೇಟಿಯ ಪಾಸು ಕೊಂಡಿದ್ದರೆ ತಲಾ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಕೊನೆಯ ಭೇಟಿಯ ನಂತರ ಸದಸ್ಯತ್ವ ರದ್ದುಮಾಡಲು ಎರಡು ತಿಂಗಳಿಗೂ ಹೆಚ್ಚು ತಡ ಮಾಡುತ್ತಿದ್ದರು. ಬಾರದೆ ಹಣ ಕಟ್ಟುವವರನ್ನು ಎಬ್ಬಿಸಬೇಡಿ, ಇಮೇಲ್ ಕಳಿಸಿದರೆ ರದ್ದುಮಾಡುತ್ತಾರೆ ಎನ್ನುವ ವ್ಯವಸ್ಥಾಪಕರಿದ್ದಾರೆ. ಈ ತಿಂಗಳ ಲೆಕ್ಕಕ್ಕೆ ಅದು ಸರಿ. ಆದರೆ ಹಾಗೆ ಬಿಟ್ಟುಹೋದಾಕೆ ಗೆಳತಿಯರಿಗೆ ಆ ಜಿಮ್ ಸೂಚಿಸುವುದಿಲ್ಲ. ಸೇರಿದ ಎಂಟನೇ ವಾರದಲ್ಲಿ ಎಷ್ಟು ಮಂದಿ ಇನ್ನೂ ಬರುತ್ತಿದ್ದಾರೆ ಎಂಬ ಅಂಕಿಯನ್ನು ಜಾಹೀರಾತುವಾರು ಬಿಡಿಸಿದರೆ, ಯಾವ ಚಿತ್ರ ಬರೀ ಸಹಿ ತಂದಿತು, ಯಾವುದು ಸದಸ್ಯೆಯನ್ನು ತಂದಿತು ಎಂದು ತಿಳಿಯುತ್ತದೆ.

ಈ ಅಂಕಿಯೇ ಕೊನೆಯ ವರ್ಷದ ಪ್ರಬಂಧಕ್ಕೂ ಒಳ್ಳೆಯ ಸರಕು. ಕೆಲಸ ಮುಗಿದ ದಿನವೇ ಕಂಪ್ಯೂಟರ್ ಪ್ರವೇಶವೂ ಮುಗಿಯುತ್ತದೆ. ಹಾಗಾಗಿ ಹೆಸರು ತೆಗೆದ ಹಾಜರಿ ದಾಖಲೆ ಬಳಸಲು ಕಂಪನಿಯ ಲಿಖಿತ ಅನುಮತಿ ಮತ್ತು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ, ಎರಡನ್ನೂ ಈಸ್ಟರ್ ಹೊತ್ತಿಗೇ ಕೇಳಿಟ್ಟುಕೊಳ್ಳಬೇಕು.