ವೈದ್ಯಕೀಯ ಆಯೋಗದ ಅಧ್ಯಕ್ಷರು ಎಲ್ಲಿಂದ ಬರುತ್ತಾರೆ?

ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಹೊಸ ಅಧ್ಯಕ್ಷರು ಬಂದಾಗಲೆಲ್ಲ ವೈದ್ಯರ ವಲಯದಲ್ಲಿ ಕೆಲವು ಪ್ರಶ್ನೆಗಳು ತಪ್ಪದೆ ಏಳುತ್ತವೆ. ಇವರು ಇಷ್ಟು ದಿನ ಯಾವ ಆಸ್ಪತ್ರೆಯಲ್ಲಿದ್ದರು? ಯಾವ ಸಂಘದ ಪದಾಧಿಕಾರಿ? ಯಾವ ಪರೀಕ್ಷಾ ಮಂಡಳಿಯಲ್ಲಿದ್ದರು? ಕಾಲೇಜು ತೆರೆಯಲು ಅನುಮತಿ ಕೊಡುವ, ಸೀಟು ಹೆಚ್ಚಿಸುವ, ವೈದ್ಯರ ತಪ್ಪನ್ನು ವಿಚಾರಿಸುವ ಅಧಿಕಾರವೆಲ್ಲ ಒಂದೇ ಸೂರಿನಡಿ ಇರುವಾಗ ಹಾಗೆ ಕೇಳುವುದು ಸಹಜ.

ಆಯೋಗಕ್ಕೆ ಮೊದಲು ಈ ಕೆಲಸ ಭಾರತೀಯ ವೈದ್ಯಕೀಯ ಪರಿಷತ್ತಿನದಾಗಿತ್ತು. 1933ರ ಕಾಯ್ದೆ, 1934ರಲ್ಲಿ ಪರಿಷತ್ತು, 1956ರಲ್ಲಿ ಹೊಸ ಕಾಯ್ದೆ, 2010ರಲ್ಲಿ ವಿಸರ್ಜನೆ, 2013ರಲ್ಲಿ ಮರುರಚನೆ, 2018ರಲ್ಲಿ ಮತ್ತೆ ವಿಸರ್ಜನೆ, 2020ರಲ್ಲಿ ಆಯೋಗ. ತೊಡಕು ಹುಟ್ಟಿದ್ದು 1956 ಮತ್ತು 2010ರ ನಡುವೆ.

1956ರ ಕಾಯ್ದೆಯ ಪ್ರಕಾರ ಪರಿಷತ್ತಿಗೆ ರಾಜ್ಯಕ್ಕೊಬ್ಬರು ನಾಮಕರಣಗೊಳ್ಳುತ್ತಿದ್ದರು. ವೈದ್ಯಕೀಯ ವಿಭಾಗವಿರುವ ವಿಶ್ವವಿದ್ಯಾಲಯಗಳಿಂದ ಒಬ್ಬೊಬ್ಬರು, ರಾಜ್ಯದ ನೋಂದಾಯಿತ ವೈದ್ಯರಿಂದ ಒಬ್ಬರು ಚುನಾಯಿತರಾಗಿ ಬರುತ್ತಿದ್ದರು. ಕೇಂದ್ರ ಸರ್ಕಾರ ಎಂಟು ಮಂದಿಯನ್ನು ಸೇರಿಸುತ್ತಿತ್ತು. ಇವರೆಲ್ಲ ಸೇರಿ ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಿದ್ದರು. ಅಧ್ಯಕ್ಷರಾಗಬೇಕಿದ್ದವರು ಮೊದಲು ವೈದ್ಯರ ಸಂಘದಲ್ಲಿ, ವಿಶ್ವವಿದ್ಯಾಲಯದ ಸೆನೆಟ್‌ನಲ್ಲಿ, ರಾಜ್ಯ ಪರಿಷತ್ತಿನಲ್ಲಿ ಮತ ಗಳಿಸಿ ಬೆಳೆದಿರಬೇಕಿತ್ತು. ಕುರ್ಚಿಯಲ್ಲಿ ಕೂತ ದಿನವೇ ಆ ನಂಟುಗಳೆಲ್ಲ ಕಳಚಿಬೀಳುತ್ತವೆ ಎಂದು ನಂಬುವುದು ಕಷ್ಟ.

1993ರ ತಿದ್ದುಪಡಿಯಲ್ಲಿ 10ಎ ಕಲಂ ಬಂತು. ಹೊಸ ಕಾಲೇಜಿಗೆ, ಹೊಸ ಕೋರ್ಸಿಗೆ, ಸೀಟು ಹೆಚ್ಚಳಕ್ಕೆ ಕೇಂದ್ರದ ಅನುಮತಿ ಕಡ್ಡಾಯವಾಯಿತು, ಆ ಅನುಮತಿಗೆ ಪರಿಷತ್ತಿನ ಶಿಫಾರಸು ಬೇಕಾಯಿತು. ಮೊದಲು ಆಶಯ ಪತ್ರ, ಆಮೇಲೆ ಅನುಮತಿ ಪತ್ರ, ಮೊದಲ ಬ್ಯಾಚು ಅಂತಿಮ ಪರೀಕ್ಷೆ ಬರೆಯುವವರೆಗೂ ವರ್ಷವರ್ಷ ನವೀಕರಣ, ಕೊನೆಗೆ ಮಾನ್ಯತೆ. ಪ್ರತಿ ಮೆಟ್ಟಿಲಲ್ಲೂ ತಪಾಸಣೆ. ಖಾಸಗಿ ಕಾಲೇಜುಗಳು ಸಾಲುಸಾಲಾಗಿ ಎದ್ದ ಕರ್ನಾಟಕದಲ್ಲಿ ಈ ತಪಾಸಣೆಯ ಬಿಸಿ ಅರಿಯದ ಪ್ರಾಂಶುಪಾಲರು ವಿರಳ.

ತಪಾಸಣೆ ನಡೆಯುತ್ತಿದ್ದ ಬಗೆ ನೋಡಿದರೆ ತೊಂದರೆ ಎಲ್ಲಿದೆ ಎಂದು ತಿಳಿಯುತ್ತದೆ. ಬೆಳಿಗ್ಗೆ ನಿಗದಿತ ಹೊತ್ತಿನೊಳಗೆ ಬೋಧಕರು ಸಹಿ ಹಾಕಬೇಕಿತ್ತು. ಪ್ರತಿಯೊಬ್ಬರ ಘೋಷಣಾ ಪತ್ರ, ಹಿಂದಿನ ಕಾಲೇಜಿನ ಬಿಡುಗಡೆ ಪತ್ರ, ಸಂಬಳದ ತೆರಿಗೆ ಕಡಿತ ತೋರಿಸುವ ಫಾರ್ಮ್ 16, ವಾಸದ ದಾಖಲೆ ಮೇಜಿನ ಮೇಲಿರಬೇಕಿತ್ತು. ಆಮೇಲೆ ವಾರ್ಡಿನಲ್ಲಿ ತುಂಬಿದ ಹಾಸಿಗೆಗಳ ಎಣಿಕೆ. ಒಂದು ದಿನದ ಮಟ್ಟಿಗೆ ಬೋಧಕರನ್ನು ಕರೆಸುವುದು, ಆರೋಗ್ಯ ಶಿಬಿರದ ಹೆಸರಲ್ಲಿ ಹಳ್ಳಿಯಿಂದ ಬಸ್ಸಿನಲ್ಲಿ ಜನರನ್ನು ತಂದು ಮಲಗಿಸುವುದು ಇಲ್ಲೇ. ಇದನ್ನು ಹಿಡಿಯುವುದು ಕಷ್ಟವಲ್ಲ. ಕೇಸ್ ಶೀಟಿನ ಮೇಲಿನ ಆಸ್ಪತ್ರೆ ಸಂಖ್ಯೆಯನ್ನು ಹೊರರೋಗಿ ರಿಜಿಸ್ಟರ್, ಲ್ಯಾಬ್ ರಿಜಿಸ್ಟರ್, ಔಷಧಾಲಯದ ಬೇಡಿಕೆ ಚೀಟಿ (ಇಂಡೆಂಟ್), ಅಡುಗೆಮನೆಯ ಊಟದ ಪಟ್ಟಿಯ ಜೊತೆ ತಾಳೆ ನೋಡಿದರೆ ಸಾಕು. ನಿಜವಾದ ರೋಗಿ ನಾಲ್ಕೂ ಕಡೆ ಇರುತ್ತಾರೆ, ಕರೆತಂದವರು ಹಾಸಿಗೆಯ ಮೇಲೆ ಮಾತ್ರ ಇರುತ್ತಾರೆ.

ಹಾಗಿದ್ದರೂ ತಾಳೆ ನೋಡುವವರು ಯಾರು? ತಪಾಸಕರೂ ಬೇರೊಂದು ಕಾಲೇಜಿನ ಪ್ರಾಧ್ಯಾಪಕರೇ. ಇವತ್ತು ಇವರು ಅಲ್ಲಿಗೆ ಹೋದರೆ, ನಾಳೆ ಅಲ್ಲಿನವರು ಇವರ ಕಾಲೇಜಿಗೆ ಬರಬಹುದು. ವರದಿ ಓದಿ ತೀರ್ಮಾನಿಸುವವರೂ ಅದೇ ಬಳಗದವರು. ದೋಷ ಒಬ್ಬರ ಗುಣದಲ್ಲಿತ್ತು ಎನ್ನುವುದಕ್ಕಿಂತ ಈ ಏರ್ಪಾಡಿನಲ್ಲೇ ಇತ್ತು ಎನ್ನಬೇಕು.

2001ರಲ್ಲಿ ಪರಿಷತ್ತಿನ ಅಧ್ಯಕ್ಷರನ್ನು ದೆಹಲಿ ಹೈಕೋರ್ಟ್ ಹುದ್ದೆಯಿಂದ ಇಳಿಸಿತು. 2009ರಲ್ಲಿ ಅವರೇ ಮತ್ತೆ ಆಯ್ಕೆಯಾದರು. 2010ರ ಏಪ್ರಿಲ್‌ನಲ್ಲಿ, ಕಾಲೇಜೊಂದರ ಅನುಮತಿಗೆ ಸಂಬಂಧಿಸಿದ ಲಂಚದ ಆರೋಪದಲ್ಲಿ ಸಿಬಿಐ ಬಂಧನವೂ ಆಯಿತು. ಮರುತಿಂಗಳೇ ಸುಗ್ರೀವಾಜ್ಞೆ ಹೊರಡಿಸಿ ಪರಿಷತ್ತನ್ನು ವಿಸರ್ಜಿಸಲಾಯಿತು. ಅದರ ಜಾಗಕ್ಕೆ ಬಂದ ಆಡಳಿತ ಮಂಡಳಿಗೆ ಡಾ. ಎಸ್.ಕೆ. ಸರಿನ್ ಮುಖ್ಯಸ್ಥರು, ಬೆಂಗಳೂರಿನ ಡಾ. ದೇವಿ ಶೆಟ್ಟಿ ಒಬ್ಬ ಸದಸ್ಯರು. 2016ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಪರಿಷತ್ತಿನ ಬಗ್ಗೆ ಕಟುವಾದ ವರದಿ ಕೊಟ್ಟಿತು. 2018ರಲ್ಲಿ ಪರಿಷತ್ತನ್ನು ಮತ್ತೆ ವಿಸರ್ಜಿಸಿದಾಗ ಬಂದ ಆಡಳಿತ ಮಂಡಳಿಗೆ ಡಾ. ವಿ.ಕೆ. ಪೌಲ್ ಮುಖ್ಯಸ್ಥರಾದರು, ನಿಮ್ಹಾನ್ಸ್ ನಿರ್ದೇಶಕ ಡಾ. ಬಿ.ಎನ್. ಗಂಗಾಧರ್ ಅದರಲ್ಲಿದ್ದರು. ಚುನಾಯಿತರ ಕಾಲ ಮುಗಿದು ನೇಮಿತರ ಕಾಲ ಬಂದಿತ್ತು.

ಆಯೋಗವನ್ನು ಹುಟ್ಟುಹಾಕಿದ 2019ರ ಕಾಯ್ದೆ ಇದನ್ನೇ ಗಟ್ಟಿಮಾಡಿತು. ಅಧ್ಯಕ್ಷರಿಗೆ ಸ್ನಾತಕೋತ್ತರ ಪದವಿ ಬೇಕು, ಕನಿಷ್ಠ 20 ವರ್ಷದ ಅನುಭವ ಬೇಕು, ಅದರಲ್ಲಿ 10 ವರ್ಷ ಮುಂದಾಳತ್ವದ್ದಾಗಿರಬೇಕು. ಅವಧಿ ಹೆಚ್ಚೆಂದರೆ ನಾಲ್ಕು ವರ್ಷ, 70 ತುಂಬಿದರೆ ಇಳಿಯಬೇಕು, ಮರುನೇಮಕವಿಲ್ಲ. ಹೆಸರು ಸೂಚಿಸುವುದು ಸಂಪುಟ ಕಾರ್ಯದರ್ಶಿ ನೇತೃತ್ವದ ಶೋಧನಾ ಸಮಿತಿ. ಮೊದಲ ಅಧ್ಯಕ್ಷ ಡಾ. ಸುರೇಶ್ ಚಂದ್ರ ಶರ್ಮಾ ದೆಹಲಿಯ ಏಮ್ಸ್‌ನ ಕಿವಿ-ಮೂಗು-ಗಂಟಲು ತಜ್ಞರು. ನಂತರದವರು, ಮನೋವೈದ್ಯರಾದ ನಮ್ಮ ಗಂಗಾಧರ್. ಏಮ್ಸ್, ನಿಮ್ಹಾನ್ಸ್ ಎರಡೂ ತಮ್ಮದೇ ಕಾಯ್ದೆಯಿಂದ ನಡೆಯುವ ಸಂಸ್ಥೆಗಳು. ಅಲ್ಲಿಂದ ಬಂದವರಿಗೆ ಖಾಸಗಿ ಕಾಲೇಜುಗಳ ಹಂಗು ಕಡಿಮೆ, ಇದು ನಿಜಕ್ಕೂ ಒಳ್ಳೆಯದು. ಜಿಲ್ಲಾ ಕೇಂದ್ರದ ಕಾಲೇಜಿನ ದಿನನಿತ್ಯದ ಪಾಡು ಅವರಿಗೆ ಅಷ್ಟೇ ದೂರ ಎನ್ನುವುದನ್ನೂ ಹೇಳಬೇಕು. 2025ರ ಜುಲೈನಲ್ಲಿ ನೇಮಕವಾದ ಡಾ. ಅಭಿಜಾತ್ ಶೇಠ್ ಹೃದಯ ಶಸ್ತ್ರಚಿಕಿತ್ಸಕರು, ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್-ಪಿಜಿ ನಡೆಸುವ ಮತ್ತು ಡಿಎನ್‌ಬಿ ಎಂಬ ಸ್ನಾತಕೋತ್ತರ ಪದವಿ ಕೊಡುವ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಅಧ್ಯಕ್ಷರಾಗಿದ್ದವರು. ಸ್ನಾತಕೋತ್ತರ ಶಿಕ್ಷಣದ ಮಟ್ಟ ನಿಗದಿಪಡಿಸುವುದು ಆಯೋಗದ ಕೆಲಸ, ಹಾಗಾಗಿ ಈ ಎರಡು ಸಂಸ್ಥೆಗಳ ನಡುವಿನ ಗೆರೆ ಜನರಿಗೆ ಸ್ಪಷ್ಟವಾಗಿ ಕಾಣಬೇಕು.

ತಪಾಸಣೆಯ ರೋಗ ಮಾತ್ರ ಪೂರ್ತಿ ವಾಸಿಯಾಗಿಲ್ಲ. ಬೋಧಕರ ಹಾಜರಿಗೆ ಆಧಾರ್ ಬೆರಳಚ್ಚು ಬಂತು, 2025ರಲ್ಲಿ ಮುಖ ಗುರುತಿಸುವ ವ್ಯವಸ್ಥೆಯೂ ಬಂತು. ಅದೇ ವರ್ಷ ಕಾಲೇಜು ತಪಾಸಣೆಯ ಲಂಚದ ಪ್ರಕರಣದಲ್ಲಿ ತಪಾಸಕ ವೈದ್ಯರನ್ನು ಸಿಬಿಐ ಬಂಧಿಸಿತು.

ಅಧ್ಯಕ್ಷರ ನಂಟುಗಳನ್ನು ತಿಳಿಯಲು ಓದುಗರಿಗೆ ಇರುವ ದಾರಿ ಒಂದು ಘೋಷಣಾ ಪತ್ರ. ಅಧ್ಯಕ್ಷರೂ ಸದಸ್ಯರೂ ಹುದ್ದೆಗೆ ಬರುವಾಗ ಮತ್ತು ಬಿಡುವಾಗ ಆಸ್ತಿ-ಸಾಲದ ವಿವರ ಕೊಡಬೇಕು. ವೃತ್ತಿಪರ ಮತ್ತು ವ್ಯಾಪಾರಿ ಸಂಬಂಧಗಳನ್ನೂ ತಿಳಿಸಬೇಕು. ಆಯೋಗದ ಜಾಲತಾಣದಲ್ಲಿ ಅದನ್ನು ಪ್ರಕಟಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಬಂದಾಗಿನ ಪತ್ರವನ್ನೂ ಹೋಗುವಾಗಿನ ಪತ್ರವನ್ನೂ ಅಕ್ಕಪಕ್ಕ ಇಟ್ಟು ಓದಿ. ಸಂಬಳದ ಹುದ್ದೆಯ ಜೊತೆಗೆ ಟ್ರಸ್ಟಿ ಸ್ಥಾನ, ಸಂದರ್ಶಕ ಹುದ್ದೆ, ಪರೀಕ್ಷಾ ಮಂಡಳಿ, ಸಂಘದ ಪದವಿ, ಷೇರು ಇವೆಯೇ ಎಂದು ಹುಡುಕಿ. ಹುದ್ದೆ ಬಿಟ್ಟ ಮೇಲೆ ಎರಡು ವರ್ಷದ ನಿರ್ಬಂಧವೂ ಇದೆ. ತಾವು ಕಡತ ನೋಡಿದ ಖಾಸಗಿ ವೈದ್ಯಕೀಯ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರುವಂತಿಲ್ಲ, ಸಲಹೆಗಾರರಾಗಿಯೂ ಸೇರುವಂತಿಲ್ಲ. ಆದರೆ ಕೇಂದ್ರ ಸರ್ಕಾರ ಬಯಸಿದರೆ ಇದಕ್ಕೆ ವಿನಾಯಿತಿ ಕೊಡಬಹುದು, ಔಷಧ ಕಂಪನಿಗಳ ಮಾತು ಆ ಕಲಮಿನಲ್ಲಿ ಇಲ್ಲ.