ಬೈಸಿಕೊಂಡದ್ದು ಕೇಸು, ಸವೆಸಿದ್ದು ಗುಂಡು

ಕೋಲಾರದ ಗುಜರಿ ಅಂಗಡಿಗಳಲ್ಲಿ ತಕ್ಕಡಿಯ ಪಕ್ಕ ಒಂದು ಮ್ಯಾಗ್ನೆಟ್ ಬಿದ್ದಿರುತ್ತದೆ. ಹಳದಿಯಾಗಿ ಹೊಳೆಯುವ ನಲ್ಲಿಯನ್ನೋ ಬೀಗವನ್ನೋ ತಂದವರು ‘ಹಿತ್ತಾಳೆ ಕಣಣ್ಣಾ’ ಎನ್ನುತ್ತಾರೆ. ಅಂಗಡಿಯವನು ಮಾತಾಡದೆ ಮ್ಯಾಗ್ನೆಟ್ ತಾಗಿಸುತ್ತಾನೆ. ಅಂಟಿದರೆ ಕಬ್ಬಿಣದ ರೇಟು. ಅಂಟದಿದ್ದರೆ ಹಿತ್ತಾಳೆ ರೇಟು. ಎರಡಕ್ಕೂ ಹಲವು ಪಟ್ಟು ವ್ಯತ್ಯಾಸ.

ಅಮೆರಿಕದ ಕೆಲವು ಶೂಟಿಂಗ್ ರೇಂಜ್‌ಗಳ ಬಾಗಿಲಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ತಂದ ತೋಟಾಕ್ಕೆ ಮ್ಯಾಗ್ನೆಟ್ ಅಂಟಿತು ಅಂದರೆ ‘ಇದನ್ನು ಇಲ್ಲಿ ಹಾರಿಸಬೇಡಿ’ ಎನ್ನುತ್ತಾರೆ. ಉಕ್ಕು ಉಕ್ಕಿಗೆ ಬಡಿದರೆ ಕಿಡಿ ಏಳುತ್ತದೆ, ಒಣಹುಲ್ಲಿಗೆ ಬೆಂಕಿ ತಗುಲಬಹುದು ಎಂಬುದು ಒಂದು ಕಾರಣ. ಹಾರಿಸಿದ ಮೇಲೆ ಉಳಿಯುವ ಖಾಲಿ ಕೇಸುಗಳನ್ನು, ಅಂದರೆ ತೋಟಾದ ಹೊರಕವಚಗಳನ್ನು, ಗುಜರಿಗೆ ಹಾಕುವಾಗ ಹಿತ್ತಾಳೆಗೆ ಉಕ್ಕು ಬೆರೆತರೆ ರೇಟು ಬೀಳುತ್ತದೆ ಎಂಬುದು ಇನ್ನೊಂದು. ಇವೆರಡೂ ಸರಿಯಾದ ಕಾರಣಗಳೇ. ಆದರೆ ಬಂದೂಕು ಇಟ್ಟುಕೊಂಡವರ ತಲೆಯಲ್ಲಿ ಕೂತಿರುವ ಭಯ ಬೇರೆ. ಉಕ್ಕಿನ ಕೇಸಿನ ಅಗ್ಗದ ತೋಟಾ ಬಂದೂಕನ್ನೇ ತಿಂದುಹಾಕುತ್ತದೆ ಅಂತ.

ಆ ರೈಫಲ್ಲುಗಳಾಗಲಿ ಆ ತೋಟಾಗಳಾಗಲಿ ನಮ್ಮಲ್ಲಿ ಸಾಮಾನ್ಯರ ಕೈಗೆ ಸಿಗುವುದಿಲ್ಲ. ಬಂಗಾರಪೇಟೆ ಕಡೆ ಬೆಳೆ ಕಾಯಲು ಲೈಸೆನ್ಸ್ ಪಡೆದವರ ಮನೆಯಲ್ಲಿ ಇರುವುದು ಹೆಚ್ಚೆಂದರೆ 12 ಬೋರಿನ ಬಂದೂಕು. ಅದನ್ನೂ ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕು. ಆದರೂ ಈ ಜಗಳ ಮಜವಾಗಿದೆ. ಯಾಕೆಂದರೆ ಇದು ಬಂದೂಕಿಗಿಂತ ಜಾಸ್ತಿ ಲೋಹಗಳ ಸ್ವಭಾವದ ಕಥೆ.

ತೋಟಾದಲ್ಲಿ ನಾಲ್ಕು ಭಾಗ. ಮುಂದೆ ಗುಂಡು, ಒಳಗೆ ಮದ್ದು, ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಇವೆಲ್ಲವನ್ನೂ ಹಿಡಿದಿಡುವ ಕೇಸು. ಕೇಸು ಅಂದರೆ ಬರೀ ಡಬ್ಬಿ ಅನ್ನಿಸಬಹುದು. ಅದು ಮಾಡುವ ಕೆಲಸ ನೋಡಿದರೆ ಹಾಗನ್ನಿಸುವುದಿಲ್ಲ. ಅಮೆರಿಕದಲ್ಲಿ ಜಾಸ್ತಿ ಬಳಕೆಯಲ್ಲಿರುವ .223 ತೋಟಾದಲ್ಲಿ ಮದ್ದು ಹೊತ್ತಿಕೊಂಡಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 3,700 ಪಟ್ಟು ಏರಬಹುದು. ಕೇಸು ಉಬ್ಬಿ ಚೇಂಬರಿನ, ಅಂದರೆ ಬಂದೂಕಿನೊಳಗೆ ತೋಟಾ ಕೂರುವ ಗೂಡಿನ, ಗೋಡೆಗೆ ಒತ್ತಿಕೊಳ್ಳುತ್ತದೆ. ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುವುದು ಅದೇ. ಗುಂಡು ನಳಿಗೆ ದಾಟಿ ಒತ್ತಡ ಇಳಿದ ತಕ್ಷಣ ಕೇಸು ಸ್ವಲ್ಪ ಕುಗ್ಗಬೇಕು. ಆಮೇಲೆ ಎಕ್ಸ್‌ಟ್ರಾಕ್ಟರ್ ಎಂಬ ಪುಟ್ಟ ಕೊಕ್ಕೆ ಅದರ ಅಂಚನ್ನು ಹಿಡಿದು ಹೊರಗೆಳೆಯುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು.

ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬುವುದು ಕೋಲಾರ ಸೀಮೆಗೆ ಹೊಸದೇನಲ್ಲ. ಹೈದರಾಲಿ ಹುಟ್ಟಿದ್ದು ಇಲ್ಲಿನ ಬೂದಿಕೋಟೆಯಲ್ಲೇ. ಮೈಸೂರು ಸೈನ್ಯದ ರಾಕೆಟ್ಟುಗಳು ದೂರ ಹಾರಿದ್ದಕ್ಕೆ ಮುಖ್ಯ ಕಾರಣ ಅವುಗಳ ಕಬ್ಬಿಣದ ಕೊಳವೆ. ಬಿದಿರು, ಕಾಗದ ತಡೆಯದ ಒತ್ತಡವನ್ನು ಅದು ತಡೆಯುತ್ತಿತ್ತು. ಆದರೆ ರಾಕೆಟ್ಟಿನ ಕೊಳವೆ ಹಾರಿ ಹೋದರೆ ಮುಗಿಯಿತು. ಅದು ಯಾವ ತೂತಿನಿಂದಲೂ ಸಲೀಸಾಗಿ ಈಚೆ ಬರಬೇಕಾಗಿಲ್ಲ. ಬಂದೂಕಿನ ಕೇಸು ಬರಬೇಕು. ಉಕ್ಕಿಗೆ ಕಷ್ಟವಾಗುವುದು ಇಲ್ಲೇ.

ಕೇಸಿಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಅದು ಉಬ್ಬಿದ ಮೇಲೆ ಚೆನ್ನಾಗಿ ಹಿಂದಕ್ಕೆ ಕುಗ್ಗುತ್ತದೆ. ಉಕ್ಕು ಅದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಿರುಸು. ಕೇಸಿಗೆ ಬಳಸುವ ಮೆದು ಉಕ್ಕು ಒಮ್ಮೆ ಹಿಗ್ಗಿದರೆ ಹಿತ್ತಾಳೆಯಷ್ಟು ಕುಗ್ಗುವುದಿಲ್ಲ, ಗೋಡೆಗೆ ಕಚ್ಚಿಕೊಂಡೇ ಇರಲು ನೋಡುತ್ತದೆ. ಸೋವಿಯತ್ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. 1943ರಲ್ಲಿ ರೂಪಿಸಿದ 7.62×39 ತೋಟಾದ ಕೇಸನ್ನು ನೋಡಿ, ಹಿಂದೆ ದಪ್ಪ, ಮುಂದೆ ಹೋದಂತೆ ಸಣ್ಣ. ಒಂದು ಕೂದಲಿನಷ್ಟು ಹಿಂದಕ್ಕೆ ಸರಿದರೂ ಸಾಕು, ಗೋಡೆಯಿಂದ ಬಿಡುಗಡೆ. ಎಕೆ-47 ಉಕ್ಕಿನ ಕೇಸನ್ನು ಸರಾಗವಾಗಿ ಜೀರ್ಣಿಸಿಕೊಂಡಿದ್ದರಲ್ಲಿ ಈ ಆಕಾರದ ಪಾಲು ದೊಡ್ಡದು. ಅಮೆರಿಕದ .223 ಕೇಸು ಹಾಗಲ್ಲ, ಗೋಡೆ ಬಹುತೇಕ ನೆಟ್ಟಗಿದೆ. ಅದನ್ನು ಉಕ್ಕಿನಲ್ಲಿ ಮಾಡಿದಾಗ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ.

ಹಾಗೆ ಸಿಕ್ಕಿಕೊಂಡಾಗ ಅಲ್ಲಿನವರು ಮೊದಲು ಬೈಯುವುದು ಕೇಸಿನ ಮೇಲಿನ ಬಣ್ಣವನ್ನು. ಉಕ್ಕಿಗೆ ತುಕ್ಕು ಹಿಡಿಯುತ್ತದಲ್ವಾ, ಅದಕ್ಕೇ ಹಿಂದೆ ಅರಗಿನಂಥ ಲೇಪ ಹಚ್ಚುತ್ತಿದ್ದರು, ಈಗ ಪಾಲಿಮರ್ ಹಚ್ಚುತ್ತಾರೆ. ಅದು ಕರಗಿ ಚೇಂಬರಿಗೆ ಅಂಟುತ್ತದೆ ಎನ್ನುವುದು ಅವರ ದೂರು. ನಿಜವಾದ ಕಾರಣ ಮಸಿ. ಉಕ್ಕಿನ ಕೇಸು ಗೋಡೆಗೆ ಪೂರ್ತಿ ಒತ್ತಿಕೊಳ್ಳದೆ ಸಂದು ಉಳಿಯುತ್ತದೆ. ಅಲ್ಲಿಂದ ನುಸುಳಿದ ಅನಿಲ ಚೇಂಬರಿನಲ್ಲಿ ಮಸಿ ಕಟ್ಟುತ್ತದೆ. ಆಮೇಲೆ ಅದೇ ಬಂದೂಕಿಗೆ ಹಿತ್ತಾಳೆ ತೋಟಾ ಹಾಕಿದರೆ ಅದು ಚೆನ್ನಾಗಿ ಉಬ್ಬಿ ಮಸಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬ್ರಷ್ ಹಾಕಿ ಚೇಂಬರ್ ಉಜ್ಜಿದರೆ ಮುಗಿಯಿತು. ಎಕ್ಸ್‌ಟ್ರಾಕ್ಟರ್ ಮಾತ್ರ ಸ್ವಲ್ಪ ಬೇಗ ಸವೆಯಬಹುದು. ಅದು ಬೆರಳಿನ ತುದಿಯಷ್ಟು ಚಿಕ್ಕ ಭಾಗ, ಬದಲಾಯಿಸಲು ದೊಡ್ಡ ಖರ್ಚಿಲ್ಲ.

ಹಳೆಯ ಸೋವಿಯತ್ ಕಾಲದ ತೋಟಾಗಳಿಂದ ನಳಿಗೆಗೆ ತುಕ್ಕು ಹಿಡಿಯುತ್ತಿದ್ದದ್ದು ನಿಜ. ಅದಕ್ಕೂ ಉಕ್ಕಿಗೂ ಸಂಬಂಧವಿಲ್ಲ. ಅವುಗಳ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ಗಾಳಿಯಲ್ಲಿನ ತೇವ ಎಳೆದುಕೊಂಡು ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. ಹೆಸರು ಕೆಟ್ಟಿದ್ದು ಮಾತ್ರ ಕೇಸಿನದು.

ಹಾಗಾದರೆ ಉಕ್ಕಿನ ತೋಟಾದಿಂದ ಬಂದೂಕಿಗೆ ಏನೂ ಆಗುವುದಿಲ್ಲವಾ? ಆಗುತ್ತದೆ. ಲಕಿ ಗನ್ನರ್ ಎಂಬ ಅಮೆರಿಕದ ತೋಟಾ ಮಾರಾಟ ಸಂಸ್ಥೆ ಒಂದೇ ಬಗೆಯ ನಾಲ್ಕು ರೈಫಲ್ ತೆಗೆದುಕೊಂಡು ದೊಡ್ಡ ಪರೀಕ್ಷೆ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದಕ್ಕೆ ಹಿತ್ತಾಳೆ ಕೇಸಿನ ತೋಟಾ, ಉಳಿದ ಮೂರಕ್ಕೆ ಮೂರು ಬ್ರಾಂಡಿನ ಉಕ್ಕಿನ ತೋಟಾ. ಪ್ರತಿಯೊಂದಕ್ಕೂ 10,000 ಸುತ್ತು ಎಂಬುದು ಗುರಿ. ಹಿತ್ತಾಳೆ ತಿಂದ ರೈಫಲ್ಲಿನ ನಳಿಗೆ ಕೊನೆಯವರೆಗೂ ಬಳಕೆಗೆ ಯೋಗ್ಯವಾಗಿತ್ತು. ಉಕ್ಕಿನ ತೋಟಾ ಹಾರಿಸಿದ ನಳಿಗೆಗಳು ಅದಕ್ಕೆ ಬಹಳ ಮುಂಚೆಯೇ ಸವೆದು, ಗುಂಡು ಗುರಿ ಬಿಟ್ಟು ಎಲ್ಲೆಂದರಲ್ಲಿ ಬೀಳತೊಡಗಿತು.

ಆದರೆ ನಳಿಗೆಯನ್ನು ಉಜ್ಜಿಕೊಂಡು ಹೋಗುವುದು ಕೇಸಲ್ಲ. ಅದು ಚೇಂಬರಿನಲ್ಲೇ ಉಳಿಯುತ್ತದೆ. ಉಜ್ಜುವುದು ಗುಂಡು. ಒಳ್ಳೆಯ ಗುಂಡಿಗೆ ಸೀಸದ ಮೇಲೆ ತಾಮ್ರದ ಅಂಗಿ ಇರುತ್ತದೆ. ಅಗ್ಗದ ಗುಂಡಿನ ಅಂಗಿ ಮೆದು ಉಕ್ಕಿನದು, ಮೇಲೆ ತೆಳುವಾದ ತಾಮ್ರದ ಲೇಪ. ಕಣ್ಣಿಗೆ ಎರಡೂ ಒಂದೇ. ನಮ್ಮ ಬೋರ್‌ವೆಲ್ ಮೋಟಾರುಗಳಲ್ಲಿ ಶಾಫ್ಟಿನ ಸುತ್ತ ಗನ್‌ಮೆಟಲ್ ಬುಷ್ ಹಾಕುತ್ತಾರೆ, ಮೆತ್ತಗಿನದು ಸವೆದರೆ ಶಾಫ್ಟ್ ಉಳಿಯಲಿ ಅಂತ. ತಾಮ್ರದ ಅಂಗಿಯೂ ಹಾಗೇ ತಾನೇ ಸವೆಯುತ್ತದೆ. ಉಕ್ಕಿನ ಅಂಗಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರ ಜೊತೆ ಬಿಸಿ ಅನಿಲದ ಕೊರೆತವೂ ಸೇರುತ್ತದೆ, ಬಿಡುವಿಲ್ಲದೆ ಹಾರಿಸಿದರೆ ಇನ್ನೂ ಜಾಸ್ತಿ. ಎಕೆ ನಳಿಗೆಗಳ ಒಳಗೆ ಕ್ರೋಮ್ ಲೇಪ ಕೊಟ್ಟಿದ್ದು ಸುಮ್ನೆ ಅಲ್ಲ.

ಅಂದರೆ ಮ್ಯಾಗ್ನೆಟ್ ತಾಗಿಸಬೇಕಾದದ್ದು ಗುಂಡಿನ ತುದಿಗೆ. ಹಿತ್ತಾಳೆ ಕೇಸಿನಲ್ಲೂ ಉಕ್ಕಿನ ಅಂಗಿಯ ಗುಂಡು ಇರಬಹುದು. ಉಕ್ಕಿನ ಕೇಸಿನಲ್ಲೂ ತಾಮ್ರದ ಅಂಗಿಯ ಗುಂಡು ಇರಬಹುದು. ಆ ಪರೀಕ್ಷೆ ಮಾಡಿದವರು ಹಾಕಿದ ಲೆಕ್ಕವೂ ಇದೆ. ಅಷ್ಟು ಸಾವಿರ ಅಗ್ಗದ ತೋಟಾ ಕೊಂಡರೆ ಉಳಿಯುವ ಹಣದಲ್ಲಿ ಹೊಸ ನಳಿಗೆ ಹಾಕಿಸಿಕೊಂಡರೂ ಕೈಯಲ್ಲಿ ಕಾಸು ಮಿಗುತ್ತಿತ್ತು. ವರ್ಷಕ್ಕೆ ನೂರಿನ್ನೂರು ಸುತ್ತು ಹಾರಿಸುವವನಿಗೆ ಈ ಚಿಂತೆಯೇ ದಂಡ. 2021ರಲ್ಲಿ ಅಮೆರಿಕ ರಷ್ಯಾದ ತೋಟಾಗಳಿಗೆ ಹೊಸ ಆಮದು ಪರವಾನಗಿ ನಿಲ್ಲಿಸಿದ ಮೇಲೆ ಅಲ್ಲಿನ ಆ ಅಗ್ಗದ ಕಾಲವೂ ಮುಗಿಯಿತು.

ಹಿತ್ತಾಳೆಯೂ ಸಾಚಾ ಅಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ತೋಟಾಗಳ ಹಿತ್ತಾಳೆ ಕೇಸುಗಳು ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಇದರ ಗುಟ್ಟು ಸರಿಯಾಗಿ ಬಯಲಾದದ್ದು 1921ರಲ್ಲಿ. ಕುದುರೆಗಳ ಉಚ್ಚೆಯಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಸೇರಿ, ತಯಾರಿಕೆಯಲ್ಲಿ ಬಿಗಿದು ಎಳೆದುಕೊಂಡಿದ್ದ ಹಿತ್ತಾಳೆಯನ್ನು ಸೀಳುತ್ತಿತ್ತು. ಹದವಾಗಿ ಕಾಯಿಸಿ ಆ ಬಿಗುವು ತೆಗೆದರೆ ಬಿರುಕು ನಿಲ್ಲುತ್ತದೆ. ಲೋಹ ಅಧ್ಯಯನದ ಪಾಠಗಳಲ್ಲಿ ಈ ಲಾಯಗಳ ಕಥೆ ಇವತ್ತಿಗೂ ಬರುತ್ತದೆ.

ಇನ್ನು ನಮ್ಮ 12 ಬೋರಿನ ವಿಷಯ. ಅದರ ತೋಟಾದ ಮೈ ಪ್ಲಾಸ್ಟಿಕ್ಕಿನದೋ ಕಾಗದದ್ದೋ. ತಳದ ಹಳದಿ ಬಿಲ್ಲೆ ಎಷ್ಟೋ ಸಲ ಹಿತ್ತಾಳೆ ಲೇಪದ ಉಕ್ಕು. ಮ್ಯಾಗ್ನೆಟ್ ಅಂಟಿದರೆ ಹೆದರಬೇಕಾಗಿಲ್ಲ. ನೋಡಬೇಕಾದದ್ದು ಒಳಗಿನ ಚರೆ, ಅಂದರೆ ಸಣ್ಣ ಸಣ್ಣ ಗುಂಡುಗಳು. 1991ರಿಂದ ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ ನಿಷೇಧವಾಗಿ ಉಕ್ಕಿನ ಚರೆ ಬಂತು. ಅದನ್ನು ದಪ್ಪ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರಿಸಿರುತ್ತಾರೆ, ನಳಿಗೆಗೆ ತಾಗದಿರಲಿ ಅಂತ. ಹಳೆಯ ಬಂದೂಕಿನ ನಳಿಗೆ ತುದಿಯಲ್ಲಿ ತುಂಬ ಕಿರಿದಾಗಿದ್ದರೆ ಅಷ್ಟೂ ಸಾಲದು. ಸೀಸ ಅಲ್ಲಿ ಅಮುಕಿಕೊಂಡು ದಾಟುತ್ತದೆ. ಉಕ್ಕು ಅಮುಕಿಸಿಕೊಳ್ಳುವುದಿಲ್ಲ, ನಳಿಗೆಯನ್ನೇ ಉಂಗುರದಂತೆ ಉಬ್ಬಿಸಬಹುದು.